ಎತ್ತಿಟ್ಟ ಕಾಯಿಲೆ

ಹಾಲಿನ ಪ್ಯಾಕೆಟ್ ಒಳಗೆ ತಂದು, ಫಿಲ್ಟರಿಗೆ ಪುಡಿ ಹಾಕಿ, ನೀರು ಕುದಿಯುವಷ್ಟರಲ್ಲಿ ಬಾಗಿಲ ಮುಂದೆ ನಾಲ್ಕೆಳೆ ರಂಗೋಲಿ ಎಳೆದು ಬರುವುದು ನನ್ನ ಬೆಳಗಿನ ಕ್ರಮ. ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿ ಮಹಡಿ ಹತ್ತಿ ಹಿಂದಿನ ದಿನ ಒಣಹಾಕಿದ ಬಟ್ಟೆಗಳನ್ನು ತೆಗೆಯುತ್ತೇನೆ. ಆ ದಿನವೂ ಹಾಗೆಯೇ ಹತ್ತಿದೆ. ರಾತ್ರಿ ನಾಲ್ಕು ಹನಿ ಬಿದ್ದಿದ್ದರಿಂದ ಯಜಮಾನರ ಅಂಗಿಯ ತೋಳುಗಳು ಇನ್ನೂ ತಣ್ಣಗಿದ್ದವು. ಅದನ್ನು ಮತ್ತೆ ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸುತ್ತಿದ್ದಾಗ ಹಿಂದಿನ ಬೀದಿಯಲ್ಲಿ ಒಂದು ಟೆಂಪೋ ಬಂದು ನಿಂತಿತು. ಇಬ್ಬರು ಇಳಿದು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದು ಶೀಟಿನ ಮನೆಯ ಮುಂದೆ ಸಾಲಾಗಿ ಇಡತೊಡಗಿದರು. ನಮ್ಮ ಅಲ್ಲಾಳಸಂದ್ರದಲ್ಲಿ ಬೆಳಿಗ್ಗೆ ಏಳು ಗಂಟೆಗೆ ಬೀದಿಗೆ ಕುರ್ಚಿ ಇಳಿಯುವುದು ಎರಡೇ ಕಾರಣಕ್ಕೆ. ಆ ಮನೆಗೆ ತೋರಣ ಕಟ್ಟಿರಲಿಲ್ಲ.

ಕೆಳಗಿಳಿದು ಬರುವಷ್ಟರಲ್ಲಿ ಆ ಮನೆಯವಳ ಮಗಳು ನಮ್ಮ ಗೇಟಿನ ಹೊರಗೆ ನಿಂತಿದ್ದಳು. ಗೇಟು ತೆರೆದೇ ಇತ್ತು, ಆದರೂ ಒಳಗೆ ಬಂದಿರಲಿಲ್ಲ.

“ಆಂಟಿ, ಅಮ್ಮ ಹೋಗ್ಬಿಟ್ರು. ನಿನ್ನೆ ಸಾಯಂಕಾಲ. ಈಗ ಮನೆಗೆ ಕರ್ಕೊಂಡ್ ಬಂದ್ವಿ.”

ಕರೆದುಕೊಂಡು ಬಂದೆವು ಎಂದಳು, ಆಸ್ಪತ್ರೆಯಿಂದ ಗುಣವಾಗಿ ಬಂದವರ ಬಗ್ಗೆ ಹೇಳುವ ಹಾಗೆ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯದಿದ್ದರೂ ಅವಳು ಬೇಸರಪಟ್ಟುಕೊಳ್ಳುತ್ತಿರಲಿಲ್ಲ. ಗೊರಗುಂಟೆಪಾಳ್ಯದ ಕಡೆಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ‘ಕಾಲರ್ ಅಕ್ಕ’ ಎಂದೇ ಕರೆಯುತ್ತಿದ್ದರಂತೆ. ನಮ್ಮಿಬ್ಬರ ಪರಿಚಯವಾದದ್ದೂ ನನ್ನ ಒಂದು ತಪ್ಪು ತಿಳಿವಳಿಕೆಯಿಂದಲೇ. ಗಾರ್ಮೆಂಟ್ಸಿಗೆ ಹೋಗುವವಳು ಎಂದು ಕೇಳಿ ಒಂದು ಬ್ಲೌಸ್ ಪೀಸು ಹಿಡಿದುಕೊಂಡು ಅವಳ ಮನೆಗೆ ಹೋಗಿದ್ದೆ. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

“ಅಯ್ಯೋ ಅಕ್ಕ, ನಂಗೆಲ್ಲಿ ಬ್ಲೌಸ್ ಬರುತ್ತೆ? ನಂದು ಬರೀ ಕಾಲರ್. ತೋಳು ಒಬ್ಳು, ಜೇಬು ಒಬ್ಳು, ಗುಂಡಿ ಒಬ್ಳು. ಹದಿನಾಲ್ಕು ವರ್ಷ ಆಯ್ತು, ಒಂದು ಪೂರ್ತಿ ಅಂಗಿ ಹೊಲ್ದಿಲ್ಲ ನಾನು.”

ಆಮೇಲೆ ಅವಳು ನಮ್ಮ ಮನೆಗೆ ಬಂದಾಗಲೆಲ್ಲ ತಂತಿಯ ಮೇಲೆ ಒಣಗುವ ಅಂಗಿಗಳ ಕಾಲರನ್ನು ಎರಡು ಬೆರಳಲ್ಲಿ ತಿರುವಿ ನೋಡುವುದನ್ನು ಗಮನಿಸಿದೆ. ತಾಯಂದಿರು ಮಗುವಿನ ಕಿವಿಯ ಹಿಂದೆ ಕೊಳೆ ಇದೆಯೇ ಎಂದು ನೋಡುತ್ತಾರಲ್ಲ, ಹಾಗೆ. “ಇದ್ಯಾರೋ ಶನಿವಾರ ಸಾಯಂಕಾಲ ಹೊಲ್ದವ್ರೆ, ಮನೆಗೆ ಹೋಗೋ ಅವಸರ” ಎನ್ನುವಳು. ಯಜಮಾನರ ಅತ್ಯಂತ ದುಬಾರಿ ಅಂಗಿಗೇ ಈ ತೀರ್ಪು ಬಂದಿತ್ತು. ಅವರು ಆ ಅಂಗಿಯನ್ನು ಆಮೇಲೆ ಹಾಕಿಕೊಳ್ಳಲಿಲ್ಲ.

ಸಂಜೆ ಆರೂವರೆಗೆ ಫ್ಯಾಕ್ಟರಿ ವ್ಯಾನು ಅವಳನ್ನು ದೊಡ್ಡ ರಸ್ತೆಯಲ್ಲಿ ಇಳಿಸುತ್ತಿತ್ತು. ಅವಳ ಮನೆ ನಮ್ಮ ಹಿಂದಿನ ಬೀದಿ. ನಮ್ಮ ಗೇಟಿನ ಬಳಿ ಬಂದಾಗ ಒಂದು ತಂಬಿಗೆ ನೀರು ಕೇಳುವಳು. ತಲೆ ಹಿಂದಕ್ಕೆ ಚೆಲ್ಲಿ, ತುಟಿ ತಾಗಿಸದೆ, ಒಂದೇ ಉಸಿರಿಗೆ ಪೂರ್ತಿ ಕುಡಿಯುವಳು. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟರೆ ಮಧ್ಯಾಹ್ನದ ಊಟದವರೆಗೆ ನೀರು ಮುಟ್ಟುತ್ತಿರಲಿಲ್ಲ. “ಕುಡಿದ್ರೆ ಎದ್ದು ಹೋಗ್ಬೇಕು ಅಕ್ಕ. ಎದ್ದು ಹೋದ್ರೆ ಪೀಸು ಗುಡ್ಡೆ ಬೀಳುತ್ತೆ. ಲೈನ್ ನಿಲ್ಬಾರ್ದು.”

ಲೈನ್ ನಿಲ್ಲಬಾರದು ಎನ್ನುವುದು ಅವಳ ಬಾಯಲ್ಲಿ ಎಲ್ಲದಕ್ಕೂ ಬರುತ್ತಿತ್ತು. ಹೊಲಿಗೆ ಮಿಷನ್ನುಗಳು ಸಾಲಾಗಿರುತ್ತವಂತೆ, ಒಬ್ಬಳು ನಿಂತರೆ ಅವಳ ಮುಂದಿನವರೆಲ್ಲ ನಿಲ್ಲಬೇಕು. ದೋಸೆ ಹೊಯ್ಯುವಾಗ ಗ್ಯಾಸ್ ಮುಗಿದರೂ, ಮಗಳು ಓದುತ್ತಾ ತೂಕಡಿಸಿದರೂ ಅದೇ ಮಾತು. ಸೂಪರ್‌ವೈಸರನ ಹಾಗೆ ಸೊಂಟದ ಮೇಲೆ ಕೈಯಿಟ್ಟು ಅಣಕಿಸಿ ತೋರಿಸುವಳು. ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಅವಳು ಎದ್ದು ಹೋದ ಮೇಲೆ ನಮ್ಮ ಮೆಟ್ಟಿಲ ಮೇಲೆ ನೂಲಿನ ಚೂರುಗಳು ಉಳಿದಿರುತ್ತಿದ್ದವು. ಈ ವಾರ ಕಡುನೀಲಿ, ಮುಂದಿನ ವಾರ ಬೂದು. ಯಾವ ದೇಶದವರು ಆ ಬಣ್ಣದ ಅಂಗಿ ಹಾಕುತ್ತಾರೋ ನನಗೆ ತಿಳಿಯದು, ಯಾವ ಬಣ್ಣದ ಅಂಗಿ ನಡೆಯುತ್ತಿದೆ ಎನ್ನುವುದು ಮಾತ್ರ ಅವಳು ಹೇಳುವ ಮೊದಲೇ ನನ್ನ ಪೊರಕೆಗೆ ಗೊತ್ತಾಗುತ್ತಿತ್ತು.

ಮೆಟ್ಟಿಲ ಮೇಲೆ ಎಂದೆ. ಅವಳು ಯಾವತ್ತೂ ಅಲ್ಲೇ ಕೂರುತ್ತಿದ್ದದ್ದು. “ಒಳಗೆ ಬಾಮ್ಮ, ಸೋಫಾ ಇದೆಯಲ್ಲ” ಎಂದರೆ “ಕಲ್ಲು ತಣ್ಣಗಿರುತ್ತೆ ಅಕ್ಕ, ಇಲ್ಲೇ ಸುಖ” ಎನ್ನುವಳು. ಸಂಕೋಚ ಎಂದುಕೊಂಡಿದ್ದೆ. ದೊಡ್ಡ ಮನೆ ಚಿಕ್ಕ ಮನೆ ಎಂಬ ಭಾವನೆ ಇರಬಹುದು ಎಂದು ನನ್ನ ಮನಸ್ಸಿಗೆ ಸ್ವಲ್ಪ ನೋವೂ ಆಗುತ್ತಿತ್ತು. ಸಣ್ಣಪುಟ್ಟದ್ದೆಲ್ಲ ನನ್ನ ಕಣ್ಣಿಗೆ ಬೀಳುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇದು ಬೀಳಲಿಲ್ಲ.

ಅವಳ ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು. ಮನೆಯಲ್ಲಿ ಇದ್ದವರು ಮೂವರು: ಅವಳು, ಬಿ.ಕಾಂ. ಓದುವ ಮಗಳು, ಮತ್ತು ಅತ್ತೆ. ಅತ್ತೆ ಈ ಊರಿನ ಹಳೆಯ ಜನ. ಕೆರೆಯ ಏರಿಯ ಮೇಲೆ ಎಮ್ಮೆ ಮೇಯಿಸಿದ್ದವರು. ಅವರ ಬಾಯಿಗೆ ನಮ್ಮ ಬೀದಿಯ ನಾಯಿಗಳೂ ಹೆದರುತ್ತಿದ್ದವು. ಸೊಸೆ ವ್ಯಾನಿಗೆ ಓಡುವಾಗ ಹಿಂದಿನಿಂದ “ಓಡು ಓಡು, ನಿಮ್ಮಪ್ಪ ಆಳ್ತಾವ್ನೆ ಅಲ್ಲಿ ರಾಜ್ಯ, ನೀನ್ ಓಗ್ದಿದ್ರೆ ಮುಳುಗ್ ಓಯ್ತದೆ” ಎಂದು ಕೂಗುವರು. ಸೊಸೆ ತಿರುಗಿ ನೋಡದೆ “ಹೂಂ ಅತ್ತೆ, ಕಿರೀಟ ಮರ್ತ್ ಬಂದೆ, ಎತ್ತಿಟ್ಟಿರಿ” ಎನ್ನುವಳು. ಜಗಳದ ಹಾಗೆ ಕೇಳಿಸುತ್ತಿತ್ತು. ಆದರೆ ಅತ್ತೆ ತಟ್ಟಿ ಕೊಟ್ಟ ರಾಗಿರೊಟ್ಟಿಯ ಡಬ್ಬಿ ಇಲ್ಲದೆ ಅವಳು ಹೊರಟದ್ದನ್ನು ನಾನು ನೋಡಿಲ್ಲ.

ಹೋದ ಆಗಸ್ಟ್ ತಿಂಗಳಲ್ಲಿ ಆ ಮುದುಕಿ ಸಂಪಿನ ಬಳಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಸ್ಕ್ರೂ ಹಾಕಿ, ಮೂರು ತಿಂಗಳು ಹಾಸಿಗೆಯಲ್ಲೇ ಇರಬೇಕೆಂದು ಹೇಳಿ ಕಳಿಸಿದರು. ಮಗ್ಗುಲು ಬದಲಿಸುವುದಕ್ಕೂ ಇನ್ನೊಬ್ಬರು ಬೇಕು. ಅವಳಿಗೆ ಉಳಿದಿದ್ದ ನಾಲ್ಕು ದಿನದ ರಜೆ ಆಸ್ಪತ್ರೆಯಲ್ಲೇ ಮುಗಿದಿತ್ತು.

“ಎಲ್ಲಾ ಮುರೀತು ಅಕ್ಕ, ಬಾಯೊಂದು ಮುರೀಲಿಲ್ಲ” ಎಂದು ನಕ್ಕಳು. ಬೀದಿಯವರೆಲ್ಲ ಮಗಳ ಕಾಲೇಜು ಬಿಡಿಸು ಎಂದಿದ್ದರು. “ಅವಳು ಕಾಲೇಜ್ ಬಿಟ್ರೆ ನನ್ನ ಪಕ್ಕದ ಮಿಷನ್ನಿಗೆ ಬರ್ತಾಳೆ, ಅಷ್ಟೇ. ಅದ್ ಆಗಲ್ಲ. ನಂಗೊಂದ್ ರಜಾ ಚೀಟಿ ಬರ್ಕೊಡಿ ಅಕ್ಕ. ಇಂಗ್ಲಿಷಲ್ಲಿ.”

“ಕನ್ನಡದಲ್ಲಿ ನೀನೇ ಬರೀಬಹುದಲ್ಲಮ್ಮ?”

“ಕನ್ನಡದ್ದು ಸೂಪರ್‌ವೈಸರ್ ಹತ್ರಾನೇ ನಿಂತೋಗುತ್ತೆ. ಇಂಗ್ಲಿಷ್ ಆದ್ರೆ ಮೇಲಿನ್ ಆಫೀಸ್‌ಗೆ ಹೋಗುತ್ತೆ.”

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರ್ ನಾಲ್ಕು ಗೆರೆಯ ಪುಸ್ತಕದಲ್ಲಿ ಅಕ್ಷರ ತಿದ್ದಿಸುತ್ತಿದ್ದರು. ಒಂದು ಅಕ್ಷರ ಗೆರೆ ದಾಟಿದರೂ ಮತ್ತೆ ಬರೆಯಬೇಕಿತ್ತು. ಆ ಅಕ್ಷರ ಮದುವೆಯಾದ ಮೇಲೆ ಧೋಬಿ ಲೆಕ್ಕಕ್ಕೂ ಮಕ್ಕಳ ಶಾಲೆಯ ಡೈರಿಗೂ ಬಿಟ್ಟರೆ ಬಳಕೆಯಾಗಿರಲಿಲ್ಲ. ಅಂದು ಒಳ್ಳೆಯ ಕಾಗದ ತೆಗೆದು, ಅಂಚು ಬಿಟ್ಟು, ಇದ್ದದ್ದನ್ನು ಇದ್ದ ಹಾಗೆ ಬರೆದೆ: ಅತ್ತೆಗೆ ಸೊಂಟ ಮುರಿದಿದೆ, ನೋಡಿಕೊಳ್ಳಲು ನನ್ನ ಹೊರತು ಯಾರೂ ಇಲ್ಲ, ದಯವಿಟ್ಟು ಮೂರು ತಿಂಗಳ ರಜೆ ಕೊಡಿ. ಬರೆದು ಮುಗಿಸಿದಾಗ ನನಗೆ ಹೆಮ್ಮೆಯೇ ಆಗಿತ್ತು.

ಮರುದಿನವೇ ಕಾಗದ ವಾಪಸು ಬಂತು. ಮೇಲಿನ ಆಫೀಸಿನವನು ಓದಿ, ಮಡಿಸಿ, ಅವಳ ಕೈಗೇ ಕೊಟ್ಟನಂತೆ. “ನಿಂಗೆ ಹುಷಾರಿಲ್ಲ ಅಂದ್ರೆ ರಜಾ ಇದೆ. ನಿಮ್ಮತ್ತೆಗೆ ಹುಷಾರಿಲ್ಲ ಅಂದ್ರೆ ನಾವೇನಮ್ಮ ಮಾಡೋದು? ಹತ್ತು ದಿನ ಬರ್ಲಿಲ್ಲ ಅಂದ್ರೆ ಹೆಸರು ತೆಗೀತೀವಿ.”

ಲೈನಿನ ಹೆಂಗಸರು ಇವಳಿಗೆ ಬುದ್ಧಿ ಹೇಳಿದ್ದರು. ಅವರಿಗೆಲ್ಲ ಕಾರ್ಮಿಕರ ವಿಮೆಯ ಒಂದು ಕಾರ್ಡು ಇರುತ್ತದೆ. ಅದರ ಡಿಸ್ಪೆನ್ಸರಿಯ ಡಾಕ್ಟರು ಚೀಟಿ ಕೊಟ್ಟರೆ ವರ್ಷಕ್ಕೆ ತೊಂಬತ್ತೊಂದು ದಿನ ಮನೆಯಲ್ಲಿರಬಹುದು. ಸಂಬಳದ ಮುಕ್ಕಾಲಿಗಿಂತ ತುಸು ಕಡಿಮೆ ಬರುತ್ತದೆ, ಕೆಲಸ ಉಳಿಯುತ್ತದೆ. ಆದರೆ ಕಾಯಿಲೆ ಸ್ವಂತದ್ದೇ ಆಗಿರಬೇಕು. ಹಾಗಾಗಿ ಆ ಫ್ಯಾಕ್ಟರಿಯಲ್ಲಿ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಮಲಗುತ್ತಾರೆ. ಅಪ್ಪನಿಗೆ ಲಕ್ವ ಹೊಡೆದರೆ ಮಗಳಿಗೆ ವಾಂತಿಭೇದಿ ಶುರುವಾಗುತ್ತದೆ. ಎಲ್ಲರೂ ಮಾಡುವುದು ಇದನ್ನೇ. ನಿಜ ಬರೆದ ಕಾಗದ ಆ ಆಫೀಸಿಗೆ ಹೋದದ್ದು ಬಹುಶಃ ನನ್ನದೊಂದೇ.

ಎರಡನೆಯ ಕಾಗದಕ್ಕೆ ಕೂತೆವು. “ಏನು ಕಾಯಿಲೆ ಬರೀಲಿ?” ಎಂದೆ. ಸೀರೆ ಅಂಗಡಿಯಲ್ಲಿ ಕೂತವಳ ಹಾಗೆ ಒಂದೊಂದನ್ನೇ ತೆಗೆದು ನೋಡಿ ಪಕ್ಕಕ್ಕಿಟ್ಟಳು. ಜ್ವರ ಎಂದರೆ ಮೂರೇ ದಿನ. ಟೈಫಾಯ್ಡ್ ಎಂದರೆ ರಕ್ತ ತೆಗೆದು ನೋಡುತ್ತಾರೆ. ಕಾಮಾಲೆ ಎಂದರೆ ಕಣ್ಣು ಅಗಲಿಸಿ ನೋಡುತ್ತಾರೆ.

ನನಗೇ ಹೊಳೆಯಿತು. “ಹೆಂಗಸರ ತೊಂದರೆ, ವಿಪರೀತ ರಕ್ತ ಹೋಗುತ್ತೆ ಅಂತ ಬರೆಯೋಣವಾ? ಗಂಡಸರು ಅದಕ್ಕೆ ಹೆಚ್ಚು ಪ್ರಶ್ನೆ ಕೇಳೋಲ್ಲ.”

“ಬೇಡ ಅಕ್ಕ!” ಎಂದಳು, ನನ್ನ ಪೆನ್ನಿನ ಮೇಲೆ ಕೈಯಿಟ್ಟು. “ಅದ್ ಬೇಡ. ಅದು ನಂಗೆ ನಿಜವಾಗ್ಲೂ ಐತೆ. ಈಗ್ಲೇ ಯಾಕ್ ಖರ್ಚ್ ಮಾಡೋದು? ಎತ್ತಿಟ್ಟಿರ್ಲಿ, ಮುಂದೆ ಬೇಕಾಗುತ್ತೆ. ಬೆನ್ನುನೋವು ಹಾಕಿ. ಬೆನ್ನೊಳಗೆ ಯಾರು ಇಣುಕಿ ನೋಡ್ತಾರೆ.”

ಇಬ್ಬರೂ ನಕ್ಕೆವು. ನಾನು ತೀವ್ರ ಬೆನ್ನುನೋವು ಎಂದು ಬರೆದೆ. ಐವತ್ತೆಂಟು ವರ್ಷಕ್ಕೆ ಮೊದಲ ಬಾರಿಗೆ ಕಾಗದದ ಮೇಲೆ ಸುಳ್ಳು ಬರೆಯುತ್ತಿದ್ದೇನೆ ಎಂದು ನನಗೆ ಸಂಕಟ. ಸಿಸ್ಟರ್ ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಆ ದಿನವೆಲ್ಲ ಯೋಚಿಸಿದೆ. ನನ್ನ ಸುಳ್ಳಿನ ಬಗ್ಗೆ ಅಷ್ಟೊಂದು ಯೋಚಿಸಿದವಳು ಅವಳು ಹೇಳಿದ ನಿಜದ ಬಗ್ಗೆ ಒಂದು ನಿಮಿಷವೂ ಯೋಚಿಸಲಿಲ್ಲ. ನಿಜವಾಗ್ಲೂ ಐತೆ ಎಂದಳಲ್ಲ, ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಯಾರಿಗಾದರೂ ತೋರಿಸಿದೆಯಾ ಎನ್ನಲಿಲ್ಲ. ಕಾಗದ ಮಡಿಸಿ ಕೊಟ್ಟೆ, ಕರಿಬೇವಿನ ಎರಡು ಕಡ್ಡಿಯನ್ನೂ ಕೊಟ್ಟೆ.

ಆ ತೊಂಬತ್ತೊಂದು ದಿನ ಅವಳು ಆ ಮುದುಕಿಯನ್ನು ನೋಡಿಕೊಂಡ ರೀತಿಯನ್ನು ಏನೆಂದು ಹೇಳಲಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಬೆನ್ನಿಗೆ ಪೌಡರು, ಮಲಗಿದಲ್ಲೇ ಸ್ನಾನ. ಬೆನ್ನು ಹುಣ್ಣಾಗಬಾರದೆಂದು ಹಳೆಯ ಕಾಟನ್ ಸೀರೆಗಳನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದಳು. ಅದರ ಅಂಚುಗಳೂ ಕಾಲರಿನ ಹಾಗೆ ನೇರವಾಗಿದ್ದವು. ವಾರಕ್ಕೊಮ್ಮೆ ಡಿಸ್ಪೆನ್ಸರಿಗೆ ಹೋಗಿ ಡಾಕ್ಟರ ಮುಂದೆ ಬಗ್ಗಿ “ಅಮ್ಮಾ” ಎಂದು ನರಳಿ ಚೀಟಿ ತರುವಳು. ಒಂದು ತಿಂಗಳಾದ ಮೇಲೆ ನರಳುವುದಕ್ಕೆ ನಟನೆ ಬೇಕಾಗಲಿಲ್ಲ. “ಅತ್ತೆನ ಎತ್ತಿ ಎತ್ತಿ ಸುಳ್ಳು ಬೆನ್ನುನೋವು ನಿಜ ಆಗೋಯ್ತು ಅಕ್ಕ. ದೇವ್ರು ಲೆಕ್ಕ ಸರಿ ಮಾಡ್ದ.”

ಅತ್ತೆಗೋ, ಇವಳ ಕೈಯಲ್ಲಿ ಆಗುವುದೆಲ್ಲ ತಪ್ಪೇ. “ಇಂಗಾ ಎತ್ತೋದು? ಮೂಟೆ ಎತ್ತಿದಂಗೆ?” ಎಂದು ಬೈಯುವರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ನನ್ ಮಗ ಇದ್ದಿದ್ರೂ ಇಂಗೆ ಮಾಡ್ತಿರ್ಲಿಲ್ಲ ಕಣವ್ವಾ” ಎನ್ನುವರು. ಸೊಸೆ ಬಂದ ತಕ್ಷಣ ಮುಖ ಗೋಡೆಗೆ.

ನಾನು ನನ್ನ ಅತ್ತೆ ಮಾವ ಇಬ್ಬರನ್ನೂ ಕೊನೆಯವರೆಗೆ ನೋಡಿಕೊಂಡವಳು. ಅದು ಕಷ್ಟವೇ. ಆದರೆ ಅದಕ್ಕಾಗಿ ನಾನು ಯಾರಿಗೂ ಅರ್ಜಿ ಬರೆಯಲಿಲ್ಲ, ಯಾರ ಮುಂದೆಯೂ ಬಗ್ಗಿ ನರಳಲಿಲ್ಲ. ದುಡಿಯುವ ಹೆಂಗಸಿನ ಮನೆಯಲ್ಲೂ ಮುದುಕರು ಬೀಳುತ್ತಾರೆ, ಮಕ್ಕಳಿಗೆ ಕಾಯಿಲೆ ಬರುತ್ತದೆ. ಅದನ್ನು ಇದ್ದ ಹಾಗೆ ಹೇಳಿ ಬೇಕಾದಷ್ಟು ದಿನ ಸಂಬಳದ ರಜೆ ಕೇಳುವ ಹಾಗಿದ್ದರೆ, ಅವಳ ದಿನಗಳು ಅವಳಿಗೇ ಉಳಿಯುತ್ತಿದ್ದವು. ಇದು ನನಗೆ ಹೊಳೆದದ್ದು ಎಷ್ಟೋ ತಿಂಗಳ ನಂತರ.

ದಿನಗಳು ಮುಗಿಯುವ ಹೊತ್ತಿಗೆ ಅತ್ತೆ ವಾಕರ್ ಹಿಡಿದು ಬಾಗಿಲವರೆಗೆ ಬಂದರು. ಆ ದಿನ ಅವಳು ಪಾಯಸ ಮಾಡಿ ನಮಗೂ ತಂದಿದ್ದಳು. ಮರುದಿನ ಏಳೂವರೆಯ ವ್ಯಾನು ಹತ್ತಿದಳು. ನನ್ನ ಮೆಟ್ಟಿಲ ಮೇಲೆ ಮತ್ತೆ ನೂಲಿನ ಚೂರುಗಳು ಬಿದ್ದವು. ಬಿಳಿ.

ಫೆಬ್ರವರಿಯಲ್ಲಿ ಒಂದು ಸಂಜೆ ತಂಬಿಗೆ ಎತ್ತಿದವಳು ಕುಡಿಯದೆ ಕೆಳಗಿಟ್ಟು ಕಂಬ ಹಿಡಿದುಕೊಂಡಳು. ಅವಳ ಉಗುರುಗಳು ಕಾಗದದ ಹಾಗೆ ಬೆಳ್ಳಗಿದ್ದವು. ಎದ್ದಾಗ ಮೆಟ್ಟಿಲ ಕಲ್ಲಿನ ಮೇಲೆ ಒಂದು ಕಲೆ ಇತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ತಂಬಿಗೆಯ ನೀರನ್ನೇ ಸುರಿದು, ಕೈಯಲ್ಲಿ ಉಜ್ಜಿ ತೊಳೆದಳು. “ಕಲ್ಲಾದ್ರೆ ತೊಳೀಬಹುದು ಅಕ್ಕ. ನಿಮ್ ಸೋಫಾ ಆಗಿದ್ರೆ?”

ಆಗ ತಿಳಿಯಿತು, ಎರಡು ವರ್ಷದಿಂದ ಅವಳು ಕಲ್ಲಿನ ಮೇಲೆ ಯಾಕೆ ಕೂರುತ್ತಿದ್ದಳೆಂದು.

ಒತ್ತಾಯ ಮಾಡಿ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗರ್ಭಕೋಶದಲ್ಲಿ ಗಡ್ಡೆಗಳು. ಮೈಯಲ್ಲಿ ರಕ್ತ ಅರ್ಧದಷ್ಟೂ ಇಲ್ಲ. ರಕ್ತ ಕೊಟ್ಟು, ಬೇಗ ಗರ್ಭಕೋಶ ತೆಗೆಯಬೇಕು, ಆರು ವಾರ ವಿಶ್ರಾಂತಿ ಎಂದರು ಲೇಡಿ ಡಾಕ್ಟರು. “ಇಷ್ಟು ದಿನ ಏನ್ ಮಾಡ್ತಿದ್ರಮ್ಮ?” ಎಂದು ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕಾರ್ಡಿನ ಲೆಕ್ಕದಲ್ಲಿ ವರ್ಷ ಎಂದರೆ ಜುಲೈಯಿಂದ ಜೂನ್‌ವರೆಗೆ, ಆ ವರ್ಷದ ದಿನಗಳು ಮುಗಿದಿದ್ದವು. ಮತ್ತೆ ದಿನ ಬರುವುದು ಜುಲೈಗೆ. ಸಂಬಳವಿಲ್ಲದಿದ್ದರೂ ಪರವಾಗಿಲ್ಲ, ಆರು ವಾರ ಬಿಡಿ, ಕೆಲಸ ಮಾತ್ರ ಉಳಿಸಿ ಎಂದು ನಾನು ಮೂರನೆಯ ಕಾಗದ ಬರೆದೆ. ಡಾಕ್ಟರ ಚೀಟಿಯನ್ನೂ ಸೇರಿಸಿದೆ. ಅಷ್ಟು ಮನಸ್ಸಿಟ್ಟು ನಾನು ಜೀವನದಲ್ಲಿ ಏನನ್ನೂ ಬರೆದಿಲ್ಲ.

ಮೇಲಿನ ಆಫೀಸಿನವನು ಫೈಲು ತರಿಸಿ, ಮೂರೂ ವಿಷಯ ನೆನಪು ಮಾಡಿಕೊಂಡನಂತೆ. “ಮೊದ್ಲು ಅತ್ತೆಗೆ ಸೊಂಟ ಅಂದೆ. ಆಗಲ್ಲ ಅಂದ್ಮೇಲೆ ನಿಂಗೆ ಬೆನ್ನು ಬಂತು. ಈಗ ಇದು. ಎಲ್ಲಾ ಒಂದೇ ಅಕ್ಷರ. ಯಾರಮ್ಮ ನಿಂಗೆ ಬರ್ಕೊಡೋರು? ಚೆನ್ನಾಗಿ ಬರೀತಾರೆ.” ಕೆಟ್ಟವನಲ್ಲ ಎಂದಳು ಅವಳು, ನಗುತ್ತಲೇ ಹೇಳಿದನಂತೆ. ಬೇಕಿದ್ದರೆ ರಾಜೀನಾಮೆ ಕೊಟ್ಟು ಹೋಗು, ಹುಷಾರಾದ ಮೇಲೆ ಬಾ, ಹೊಸದಾಗಿ ಸೇರಿಸಿಕೊಳ್ಳೋಣ ಎಂದನಂತೆ.

“ಕೊಟ್ಟುಬಿಡು” ಎಂದೆ ನಾನು. “ಆಪರೇಷನ್ ಮಾಡಿಸ್ಕೋ. ನಾನಿದೀನಿ, ಮನೆ ನೋಡ್ಕೊಳ್ಳೋಣ.”

“ಹೊಸಬಳಾಗಿ ಸೇರಿದ್ರೆ ಕಾರ್ಡಿನ ದಿನಾನೂ ಹೊಸದಾಗಿ ಶುರು ಅಕ್ಕ. ಜುಲೈಗೆ ಬರೋದೂ ಬರಲ್ಲ. ಆವಾಗ ಮತ್ತೆ ಅತ್ತೆ ಬಿದ್ರೆ? ಮಗಳದ್ದು ಕೊನೇ ವರ್ಷ. ನಾಲ್ಕು ತಿಂಗಳು ತಾನೇ, ತಳ್ತೀನಿ.”

ನಾನು ಇನ್ನಷ್ಟು ಒತ್ತಾಯ ಮಾಡಬೇಕಿತ್ತು. ಮಾಡಲಿಲ್ಲ. ಆ ಅಕ್ಷರ ನನ್ನದು. ಸುಳ್ಳು ಬರೆದ ಕೈಯಲ್ಲೇ ನಿಜ ಬರೆದಿದ್ದೆ, ಎರಡೂ ಒಂದೇ ಥರ ಕಂಡಿದ್ದವು.

ಕಬ್ಬಿಣದ ಮಾತ್ರೆ ನುಂಗುತ್ತಾ ಹೋದಳು. ಹಳೆಯ ಸೀರೆ ಮಡಿಕೆ ಮಾಡಿ ಮಿಷನ್ನಿನ ಸ್ಟೂಲಿಗೆ ಹಾಸಿಕೊಳ್ಳುತ್ತಿದ್ದಳಂತೆ. ಏಪ್ರಿಲ್ ಕೊನೆಯಲ್ಲಿ ಅವಳ ಪಕ್ಕದವಳ ಬೆರಳಿಗೆ ಸೂಜಿ ತೂರಿತು. ಅವಳಿಗೆ ಇಪ್ಪತ್ತು ದಿನ ರಜೆ ಸಿಕ್ಕಿತು. ಇದನ್ನು ನನಗೆ ಹೇಳುವಾಗ ಇವಳ ದನಿಯಲ್ಲಿ ಇದ್ದದ್ದು ಮರುಕವಲ್ಲ.

“ಡ್ಯೂಟಿ ಮೇಲೆ ಗಾಯ ಆದ್ರೆ ಅದು ಬೇರೆ ಅಕ್ಕ. ತೊಂಬತ್ತೊಂದರಲ್ಲಿ ಕಳೆಯಲ್ಲ. ವಾಸಿ ಆಗೋವರ್ಗೂ ಕೊಡ್ತಾರೆ, ದುಡ್ಡೂ ಜಾಸ್ತಿ. ಸೂಜಿ ತೂರಿದ್ರೆ ದಿನ ಇದೆ. ಒಳಗಡೆ ಹರಿದ್ರೆ ಇಲ್ಲ.” ಸ್ವಲ್ಪ ಹೊತ್ತು ತನ್ನ ಎಡಗೈ ತೋರುಬೆರಳನ್ನೇ ನೋಡಿದಳು. “ಬುಧವಾರ ಇಟ್ಟಿದ್ದೆ ಅಕ್ಕ.”

“ಏನಿಟ್ಟಿದ್ದೆ?”

“ಬೆರಳು. ಸೂಜಿ ಕೆಳಗೆ. ಪೆಡಲ್ ಮೇಲೆ ಕಾಲೂ ಇಟ್ಟಿದ್ದೆ. ಒತ್ತೋಕ್ಕಾಗ್ಲಿಲ್ಲ.”

ನಾನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. “ಹುಚ್ಚಾ ನಿಂಗೆ?” ಎಂದೆ. ಅಳು ಬಂದದ್ದು ನನಗೆ. ಅವಳು ನನ್ನನ್ನೇ ಸಮಾಧಾನ ಮಾಡಿದಳು. “ಒತ್ಲಿಲ್ಲ ಅಂದ್ನಲ್ಲ ಅಕ್ಕ. ಬೆರಳು ಹೋದ್ರೆ ಕಾಲರ್ ಯಾರು ಕೂರ್ಸೋದು?”

ಮೇ ತಿಂಗಳ ನಡುಭಾಗ. ಊಟದ ಗಂಟೆ ಹೊಡೆಯುವ ಮುಂಚೆ ಅವಳು ಮಿಷನ್ನಿನ ಮೇಲೆ ತಲೆಯಿಟ್ಟಳಂತೆ. ಒಂದು ನಿಮಿಷ ಕಣ್ಣು ಮುಚ್ಚಿದ್ದಾಳೆ ಎಂದು ಪಕ್ಕದವರು ಅವಳ ಪೀಸುಗಳನ್ನೂ ತಾವೇ ಎಳೆದುಕೊಂಡು ಹೊಲಿದರಂತೆ, ಬೈಸಿಕೊಳ್ಳದಿರಲಿ ಎಂದು. ಸ್ಟೂಲಿನ ಕೆಳಗೆ ನೋಡಿದಾಗಲೇ ಕೂಗಿಕೊಂಡದ್ದು.

ಮರುದಿನ ಮಧ್ಯಾಹ್ನ ನಾನು ಆಸ್ಪತ್ರೆಗೆ ಹೋದೆ. ಒಂದು ಕೈಗೆ ರಕ್ತ, ಒಂದು ಕೈಗೆ ಡ್ರಿಪ್. ನನ್ನನ್ನು ಕಂಡು ತುಟಿ ಅಲುಗಿಸಿದಳು. ಬಗ್ಗಿ ಕಿವಿಗೊಟ್ಟೆ.

“ಅಕ್ಕ, ಲೈನಲ್ಲಿ ತಾನೇ ಬಿದ್ದಿದ್ದು ನಾನು? ಡ್ಯೂಟಿ ಮೇಲೆ ಬಿದ್ದಂಗೇ ಅಲ್ವಾ? ಬೇರೆ ದಿನದಲ್ಲಿ ಹಾಕ್ತಾರಾ, ಒಂದ್ ಮಾತು ಕೇಳಿ. ಇಂಗ್ಲಿಷಲ್ಲಿ ಬರೀರಿ.”

ಬರೆಯುತ್ತೇನೆ ಎಂದೆ. ಮನೆಗೆ ಬಂದು ಕಾಗದವನ್ನೂ ತೆಗೆದಿಟ್ಟೆ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಅದರ ಮರುದಿನ ಸಂಜೆ ಅವಳು ಹೋದಳು. ಜುಲೈಗೆ ಇನ್ನೂ ಒಂದೂವರೆ ತಿಂಗಳಿತ್ತು.

ಕೆಂಪು ಕುರ್ಚಿಗಳು ಸಾಲಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಲೈನಿನ ಹೆಂಗಸರೆಲ್ಲ ಬಂದರು. ಬ್ಯಾಟರಾಯನಪುರದಿಂದ, ಯಶವಂತಪುರದಿಂದ, ಎಲ್ಲೆಲ್ಲಿಂದಲೋ, ಆಟೋದಲ್ಲಿ ಐದೈದು ಜನ. ಕೆಲವರು ಮಕ್ಕಳನ್ನೂ ಕರೆತಂದಿದ್ದರು. ನನ್ನನ್ನು ಕಂಡು ಒಬ್ಬಳು “ಲೆಟರ್ ಬರೆಯೋ ಅಕ್ಕ ನೀವೇನಾ?” ಎಂದಳು. ನಾನು ಕುರ್ಚಿಯಿಂದ ಎದ್ದು ಅವಳಿಗೆ ಜಾಗ ಕೊಟ್ಟೆ. ಇನ್ನೊಬ್ಬಳು ಅವಳ ಮೇಲೆ ಹೊದಿಸಿದ ಬಿಳಿ ಬಟ್ಟೆಯ ಅಂಚಿನಲ್ಲಿ ಒಂದು ನೂಲು ನೇತಾಡುವುದನ್ನು ಕಂಡು, ಅಳುತ್ತಲೇ ಬಗ್ಗಿ, ಅದನ್ನು ಉಗುರಿನಲ್ಲಿ ಚಿವುಟಿ ತೆಗೆದಳು.

ಅತ್ತೆ ಒಂದು ಹನಿಯೂ ಅಳಲಿಲ್ಲ. ದೇಹ ಎತ್ತುವಾಗ ಅವರನ್ನು ನಿಲ್ಲಿಸಲು ಮೊಮ್ಮಗಳು ವಾಕರ್ ತಂದಿಟ್ಟಳು. ಮುದುಕಿ ಅದನ್ನು ಕೈಯಿಂದ ನೂಕಿದರು. “ತಕ್ಕೊಂಡ್ ಓಗು ಇದ್ನ. ನಾನ್ ನಿಂತ್ಕಳಲ್ಲ.” ಮತ್ತೆ ತಂದಿಟ್ಟಳು. ಮತ್ತೆ ನೂಕಿದರು. ಅದು ಕಲ್ಲಿನ ಮೇಲೆ ದಡಕ್ಕನೆ ಬಿತ್ತು. ಆ ಸೊಂಟವನ್ನು ನೇರ ಮಾಡಲು ಸೊಸೆ ಕೊಟ್ಟ ದಿನಗಳ ವಿಷಯ ಮುದುಕಿಗೆ ಯಾರು ಹೇಳಿದ್ದರೋ ಕಾಣೆ.

ಮಣ್ಣು ಮಾಡಿ ಬರುವ ಹೊತ್ತಿಗೆ ಮೂರು ಗಂಟೆ. ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಸೀರೆ ಒಗೆದೆ. ಅವರ ಮನೆಗೆ ಒಂದು ಪಾತ್ರೆ ಅನ್ನ, ಸಾರು ಮಾಡಿ ಕಳಿಸಿದೆ. ಬೆಳಗಿನ ಡಿಕಾಕ್ಷನ್ ಫಿಲ್ಟರಿನಲ್ಲೇ ಇತ್ತು, ಚೆಲ್ಲಿದೆ. ಆ ಆಫೀಸಿನವನಿಗೆ ಒಂದು ಕಾಗದ ಬರೆಯಬೇಕು ಎನ್ನಿಸಿ ಪೆನ್ನು ಹಿಡಿದೆ. ತಾರೀಖು ಹಾಕಿ, ಅಲ್ಲಿಂದ ಮುಂದಕ್ಕೆ ಹೋಗಲಾರದೆ ಹೊರಗೆ ಬಂದು ನಿಂತೆ.

ಎದುರು ಮನೆಯ ಪದ್ಮಾ ತುಳಸಿಗೆ ನೀರು ಹಾಕುತ್ತಿದ್ದರು. ಒಳ್ಳೆಯ ಹೆಂಗಸು. ಬೆಳಿಗ್ಗೆ ಎಲ್ಲರಿಗೂ ಕಾಫಿ ಮಾಡಿ ಕಳಿಸಿದ್ದವರು ಅವರೇ.

“ಎಷ್ಟೊಂದ್ ಜನ ಬಂದಿದ್ರು ರೀ, ಗಾರ್ಮೆಂಟ್ಸ್‌ನೋರು.”

“ಹೂಂ.”

“ಪುಣ್ಯಕ್ಕೆ ಇವತ್ತು ಭಾನುವಾರ ಆಯ್ತು ನೋಡಿ” ಎಂದರು, ಪೈಪನ್ನು ದಾಸವಾಳದ ಕಡೆಗೆ ತಿರುಗಿಸುತ್ತಾ. “ಯಾರೂ ರಜಾ ಹಾಕೋ ಹಾಗಾಗ್ಲಿಲ್ಲ.”